ಚಳಿಗಾಲದಲ್ಲಿ ಚಿಕ್ಕ ಮಕ್ಕಳನ್ನು ಶಾಲೆಗೆ ಕಳಿಸುವ ಮುನ್ನ

(ಮಕ್ಕಳ ವಿಭಾಗದಲ್ಲಿ ಪಾಲಕರು ಹಾಗೂ ರೋಗಿಗಳ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ನಿಮ್ಮಲ್ಲಿ ಕೆಲವರು ಕೈಯಲ್ಲಿ ಚೀಟಿ ಹಿಡಿದು ಸರದಿಗಾಗಿ ಕಾಯುತ್ತಿದ್ದೀರಿ. ಕೆಲವರು ಒಳಗಿನ ವಾರ್ಡಿನಲ್ಲಿ ಮಗುವಿನ ಮಂಚದ ಪಕ್ಕ ರಾತ್ರಿಯೆಲ್ಲ ಎಚ್ಚರವಿದ್ದು ಈಗ ಬಂದು ಕುಳಿತಿದ್ದೀರಿ. ನಿಮ್ಮ ಅರ್ಧ ತಾಸು ಸಮಯವನ್ನು ನಾನು ಕೇಳುತ್ತೇನೆ. ಇಲ್ಲಿ ಕೇಳಿದ್ದನ್ನು ಮನೆಯಲ್ಲಿ ಮಾಡಿದರೆ ಮುಂದಿನ ಚಳಿಗಾಲದಲ್ಲಿ ಇದೇ ವಾರ್ಡಿಗೆ ಮತ್ತೆ ಬರುವ ಪ್ರಸಂಗ ತಪ್ಪಬಹುದು.

ದೀಪಾವಳಿ ಮುಗಿಯಿತೆಂದರೆ ನಮ್ಮ ಕಡೆಯ ಗಾಳಿಯ ಗುಣವೇ ಬೇರೆಯಾಗುತ್ತದೆ. ಬೀದರ, ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ ಭಾಗಗಳಲ್ಲಿ ಡಿಸೆಂಬರ್-ಜನವರಿಯ ಮುಂಜಾವು ಬಹಳ ತಣ್ಣಗಿರುತ್ತದೆ. ಬೀದರ, ವಿಜಯಪುರಗಳಲ್ಲಿ ಕೆಲವೊಮ್ಮೆ 10 ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 28-30 ಡಿಗ್ರಿ ಬಿಸಿಲು! ಮುಂಜಾನೆ ಗಡಗಡ ನಡುಗಿದ ಮಗು ಮಧ್ಯಾಹ್ನ ಬೆವರುತ್ತದೆ. ದೆಹಲಿ, ಉತ್ತರ ಪ್ರದೇಶದ ಕಡೆ ಚಳಿ ವಿಪರೀತವಾದಾಗ ಶಾಲೆಗಳಿಗೆ ರಜೆ ಕೊಡುತ್ತಾರೆ. ನಮ್ಮಲ್ಲಿ ಆ ರೂಢಿ ಇಲ್ಲ. ಶನಿವಾರದ ಬೆಳಗಿನ ಶಾಲೆ, ಏಳು ಗಂಟೆಗೆ ಬಾಗಿಲಿಗೆ ಬರುವ ಶಾಲಾ ವಾಹನ, ಎಲ್ಲವೂ ಎಂದಿನಂತೆ ನಡೆಯುತ್ತವೆ. ಶಿವರಾತ್ರಿ ಬಂದರೆ ಚಳಿ 'ಶಿವ ಶಿವ' ಎಂದು ಓಡಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಯವರೆಗಿನ ಮೂರು ತಿಂಗಳು ಮಗುವನ್ನು ಸಜ್ಜುಗೊಳಿಸಿ ಕಳಿಸುವ ಹೊಣೆ ನಮ್ಮದೇ.

ಇಂದು ನಾನು ಮುಖ್ಯವಾಗಿ ಮೂರು ಮಾತು ಹೇಳುತ್ತೇನೆ. ಒಂದು, ಮಗುವನ್ನು ಬೆಚ್ಚಗಿಡಿ. ಎರಡು, ಮಗು ಉಸಿರಾಡುವ ಗಾಳಿಯನ್ನು ಶುದ್ಧವಾಗಿಡಿ. ಮೂರು, ಮಗುವಿನ ಉಸಿರನ್ನು ಎಣಿಸಲು ಕಲಿಯಿರಿ. ಮೊದಲ ಎರಡನ್ನು ಸ್ವಲ್ಪಮಟ್ಟಿಗೆ ಎಲ್ಲರೂ ಬಲ್ಲಿರಿ. ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಜೀವ ಉಳಿಸುವುದು ಅದೇ.

ಚಳಿಯೇ ರೋಗವೇ?

"ಡಾಕ್ಟರ್ರೇ, ಕೂಸಿಗೆ ಥಂಡಿ ಹತ್ತೇತ್ರಿ" ಎಂದು ತಾಯಂದಿರು ಹೇಳುತ್ತಾರೆ. ಥಂಡಿ ಹತ್ತುವುದು ಎಂದರೇನು? ನೆಗಡಿ, ಕೆಮ್ಮು, ಜ್ವರ ಬರುವುದು ಕಣ್ಣಿಗೆ ಕಾಣದ ರೋಗಾಣುಗಳಿಂದ. ಬರೀ ತಣ್ಣನೆಯ ಗಾಳಿಯಿಂದ ಅಲ್ಲ. ಹಾಗಾದರೆ ಚಳಿಗಾಲದಲ್ಲಿಯೇ ಅವು ಏಕೆ ಹೆಚ್ಚು? ಚಳಿಗೆ ನಾವು ಕಿಟಕಿ-ಬಾಗಿಲು ಮುಚ್ಚಿ ಒತ್ತೊತ್ತಾಗಿ ಕುಳಿತುಕೊಳ್ಳುತ್ತೇವೆ. ಒಂದು ಮಗು ಸೀನಿದರೆ ಕೋಣೆಯಲ್ಲಿರುವ ಎಲ್ಲ ಮಕ್ಕಳೂ ಆ ಗಾಳಿಯನ್ನೇ ಉಸಿರಾಡುತ್ತವೆ. ತಂಪಾದ ಒಣ ಹವೆಯಲ್ಲಿ ಕೆಲವು ರೋಗಾಣುಗಳು ಹೆಚ್ಚು ಹೊತ್ತು ಬದುಕುತ್ತವೆ. ಮೂಗಿನೊಳಗಿನ ತೇವ ಆರಿ, ಅಲ್ಲಿರುವ ಸಹಜ ಕಾವಲು ಸ್ವಲ್ಪ ಸಡಿಲವಾಗುತ್ತದೆ.

ಇದನ್ನು ಏಕೆ ಹೇಳಿದೆನೆಂದರೆ, ನಮ್ಮಲ್ಲಿ ಕೆಲವರು ಮಗುವಿಗೆ ಮೂರು ಸ್ವೆಟರ್ ತೊಡಿಸಿ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಅದೇ ಮಗುವನ್ನು ಒಲೆಯ ಹೊಗೆಯಲ್ಲಿ, ಕೆಮ್ಮುವ ಹಿರಿಯರ ಪಕ್ಕದಲ್ಲಿ ಮಲಗಿಸುತ್ತಾರೆ. ಬಟ್ಟೆ ಬೇಕು, ಆದರೆ ಬಟ್ಟೆಯೊಂದೇ ಸಾಲದು.

ಇನ್ನೊಂದು ಸಮಾಧಾನದ ಮಾತು. ಆರೋಗ್ಯವಂತ ಚಿಕ್ಕ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಅಂಗನವಾಡಿಗೆ ಅಥವಾ ಶಾಲೆಗೆ ಹೊಸದಾಗಿ ಸೇರಿದ ವರ್ಷ ಇನ್ನೂ ಹೆಚ್ಚು. ಅದಕ್ಕಾಗಿ 'ಈ ಶಾಲೆಯೇ ಬೇಡ' ಎಂದು ಬಿಡಿಸಬೇಡಿ. 'ನನ್ನ ಮಗುವಿಗೆ ಶಕ್ತಿಯೇ ಇಲ್ಲ' ಎಂದು ಕೊರಗಲೂ ಬೇಡಿ.

ಮುಂಜಾನೆಯ ಉಡುಪು

ಚಿಕ್ಕ ಮಕ್ಕಳ ಮೈಶಾಖ ದೊಡ್ಡವರಿಗಿಂತ ಬೇಗ ಆರುತ್ತದೆ. ಅವರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ತಲೆಯೂ ದೇಹದ ಅಳತೆಗೆ ದೊಡ್ಡದು. ಆದ್ದರಿಂದ ನಿಮಗೆ ಒಂದು ಅಂಗಿ ಸಾಕೆನಿಸಿದ ದಿನ ಐದು ವರ್ಷದ ಮಗುವಿಗೆ ಒಂದು ಪದರು ಹೆಚ್ಚು ಬೇಕು.

ಇಲ್ಲಿ 'ಪದರು' ಎಂಬ ಮಾತನ್ನು ನೆನಪಿಡಿ. ಒಂದೇ ದಪ್ಪ ಬಟ್ಟೆಗಿಂತ ಎರಡು-ಮೂರು ತೆಳು ಬಟ್ಟೆ ಮೇಲಿಂದ ಮೇಲೆ ತೊಡಿಸುವುದು ಒಳ್ಳೆಯದು. ಪದರುಗಳ ನಡುವೆ ನಿಂತ ಗಾಳಿಯೇ ಶಾಖವನ್ನು ಹಿಡಿದಿಡುತ್ತದೆ. ಹೊಸ ಸ್ವೆಟರ್ ಕೊಳ್ಳಲು ಆಗದವರು ಸಂಕೋಚ ಪಡಬೇಕಿಲ್ಲ. ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ಅಣ್ಣನ ಹಳೆಯ ಅಂಗಿ, ಮೇಲೆ ಶಾಲೆಯ ಸಮವಸ್ತ್ರ. ಇಷ್ಟಾದರೆ ನಮ್ಮ ಕಡೆಯ ಚಳಿಗೆ ಬಹುಮಟ್ಟಿಗೆ ಸಾಕು. ಉಣ್ಣೆಯ ಬಟ್ಟೆಯನ್ನು ನೇರವಾಗಿ ಮೈಗೆ ತೊಡಿಸಬೇಡಿ, ತುರಿಕೆಯಾಗುತ್ತದೆ. ಒಳಗೆ ಹತ್ತಿ ಬಟ್ಟೆ ಇರಲಿ.

ಪದರು ಪದರಾಗಿ ತೊಡಿಸುವುದರಿಂದ ಇನ್ನೊಂದು ಲಾಭವಿದೆ. ಹತ್ತೂವರೆ-ಹನ್ನೊಂದಕ್ಕೆ ಬಿಸಿಲೇರಿದಾಗ ಮಗು ಮೇಲಿನ ಬಟ್ಟೆಯನ್ನು ತೆಗೆಯಬಹುದು. ಆದರೆ ಯಾರೂ ಹೇಳಿಕೊಡದಿದ್ದರೆ ಮಗು ತೆಗೆಯುವುದಿಲ್ಲ. ಬೆವರಿನಿಂದ ಒಳಬಟ್ಟೆ ಒದ್ದೆಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಸಂಜೆಯ ಗಾಳಿಗೆ ಮನೆಗೆ ಬರುತ್ತದೆ. ಆದ್ದರಿಂದ ಸ್ವೆಟರಿನ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು, ತೆಗೆಯುವುದು, ಮಡಚಿ ಚೀಲದಲ್ಲಿಡುವುದು ಇವನ್ನು ರವಿವಾರ ಮನೆಯಲ್ಲಿ ಆಟದಂತೆ ಕಲಿಸಿ. ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರ್‌ಗಿಂತ ಮುಂದೆ ಗುಂಡಿ ಅಥವಾ ಜಿಪ್ ಇರುವುದು ಚಿಕ್ಕ ಮಕ್ಕಳಿಗೆ ಅನುಕೂಲ. ಒಳಭಾಗದಲ್ಲಿ ಮಗುವಿನ ಹೆಸರನ್ನು ದಾರದಿಂದ ಹೊಲಿಯಿರಿ. ಚಳಿಗಾಲದಲ್ಲಿ ಶಾಲೆಯಲ್ಲಿ ಕಳೆದುಹೋಗುವ ಸ್ವೆಟರ್‌ಗಳಿಗೆ ಲೆಕ್ಕವಿಲ್ಲ.

ತಲೆ ಮತ್ತು ಕಿವಿಗೆ ಟೊಪ್ಪಿಗೆ ಒಳ್ಳೆಯದು. ಉದ್ದನೆಯ ಮಫ್ಲರ್, ಓಢಣಿಗಳನ್ನು ಚಿಕ್ಕ ಮಕ್ಕಳ ಕೊರಳಿಗೆ ಸುತ್ತಿ ಕಳಿಸಬೇಡಿ. ಬೈಕಿನ ಗಾಲಿಗೆ, ಜೋಕಾಲಿಗೆ, ಜಾರುಬಂಡೆಯ ಕಬ್ಬಿಣಕ್ಕೆ ಸಿಕ್ಕಿಕೊಂಡು ಕೊರಳು ಬಿಗಿಯುವ ಅಪಾಯವಿದೆ. ಕಾಲಿಗೆ ಒಣಗಿದ ಕಾಲುಚೀಲ ಇರಲಿ. ರಾತ್ರಿ ತೊಳೆದದ್ದು ಮುಂಜಾನೆ ಅರೆ ಒದ್ದೆ ಇರುತ್ತದೆ. ಅದನ್ನು ಹಾಕುವುದಕ್ಕಿಂತ ನಿನ್ನೆಯ ಒಣ ಕಾಲುಚೀಲವೇ ಮೇಲು. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಳ್ಳಿ.

ದ್ವಿಚಕ್ರ ವಾಹನದ ಗಾಳಿ

ಬಹಳಷ್ಟು ಮಕ್ಕಳು ಶಾಲೆಗೆ ಹೋಗುವುದು ತಂದೆಯ ಬೈಕಿನಲ್ಲಿ. ಮಗುವನ್ನು ಪೆಟ್ರೋಲ್ ಟಾಕಿಯ ಮೇಲೆ ಕೂಡಿಸುತ್ತೇವೆ, ಸ್ಕೂಟರ್ ಆದರೆ ಮುಂದೆ ನಿಲ್ಲಿಸುತ್ತೇವೆ. ಆಗ ತಣ್ಣನೆಯ ಗಾಳಿಗೆ ಮೊದಲು ಎದೆಯೊಡ್ಡುವುದು ಆ ಮಗು. ನಿಮಗೆ ಬೀಸುವ ಗಾಳಿಯನ್ನು ಅದು ತಡೆಯುತ್ತದೆ! ಚಿಕ್ಕ ಮಗುವನ್ನು ಹಿಂದೆ, ಇಬ್ಬರು ದೊಡ್ಡವರಿದ್ದರೆ ನಡುವೆ ಕೂಡಿಸಿ. ವೇಗ ಕಡಿಮೆ ಮಾಡಿದಷ್ಟೂ ಗಾಳಿಯ ಹೊಡೆತ ಕಡಿಮೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಜೋಡಿಸುವ ಸುರಕ್ಷಾ ಪಟ್ಟಿ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹೆಲ್ಮೆಟ್ ತಲೆಯನ್ನೂ ಕಾಯುತ್ತದೆ, ಕಿವಿಯನ್ನೂ ಬೆಚ್ಚಗಿಡುತ್ತದೆ.

ಸ್ನಾನ, ಎಣ್ಣೆ, ಚರ್ಮ

ಚಳಿಗಾಲವೆಂದು ಸ್ನಾನ ನಿಲ್ಲಿಸಬೇಕಿಲ್ಲ. ಉಗುರು ಬೆಚ್ಚಗಿನ ನೀರು, ಗಾಳಿ ಬೀಸದ ಬಚ್ಚಲು, ಐದು ನಿಮಿಷದ ಸ್ನಾನ, ಕೂಡಲೇ ಒಣ ಟವೆಲ್ಲಿನಿಂದ ಒರೆಸುವುದು, ಇಷ್ಟು ಸಾಕು. ಬೆಳಗಿನ ಶಾಲೆ ಇರುವ ದಿನ ಮುಂಜಾನೆಯ ಸ್ನಾನಕ್ಕೆ ಅವಸರ ಬೇಡ. ಹಿಂದಿನ ದಿನ ಸಂಜೆ ಸ್ನಾನ ಮಾಡಿಸಿ, ಬೆಳಗ್ಗೆ ಕೈಕಾಲು ಮುಖ ತೊಳೆಸಿದರೆ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ತಲೆಸ್ನಾನ ರಜೆಯ ದಿನ ಬಿಸಿಲಿನ ಹೊತ್ತಿನಲ್ಲಿ ಇರಲಿ. ಒದ್ದೆ ಕೂದಲನ್ನು ಬಿಗಿಯಾಗಿ ಹೆಣೆದು ಕಳಿಸಿದರೆ ಮಧ್ಯಾಹ್ನದವರೆಗೂ ಆರುವುದಿಲ್ಲ.

ಕುದಿಯುವ ನೀರಿನ ಹಂಡೆ, ಬಕೆಟ್, ನೀರು ಕಾಯಿಸುವ ವಿದ್ಯುತ್ ರಾಡಿನ ಹತ್ತಿರ ಮಗುವನ್ನು ಒಂದು ಕ್ಷಣವೂ ಬಿಡಬೇಡಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿರಿ. ಮೊಣಕೈ ಅದ್ದಿ ನೋಡಿದ ಮೇಲೆಯೇ ಮಗುವನ್ನು ಕರೆಯಿರಿ.

ಸ್ನಾನವಾದ ಕೂಡಲೇ ಮೈ ಇನ್ನೂ ತುಸು ತೇವವಿರುವಾಗ ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಒಡೆಯುವುದಿಲ್ಲ. ಹಿಮ್ಮಡಿ, ಮೊಣಕಾಲು, ಕೆನ್ನೆಗೆ ಮರೆಯಬೇಡಿ. ತುಟಿಗೆ ತುಪ್ಪ ಅಥವಾ ವ್ಯಾಸಲಿನ್ ಹಚ್ಚಿ ಕಳಿಸಿ. ಒಣಗಿದ ತುಟಿಯನ್ನು ಮಗು ನೆಕ್ಕಿದಷ್ಟೂ ಒಡೆಯುವುದು ಹೆಚ್ಚಾಗುತ್ತದೆ. ಎಣ್ಣೆಯನ್ನು ಮೂಗಿಗೆ, ಕಿವಿಗೆ ಬಿಡುವ ರೂಢಿ ಮಾತ್ರ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ತೊಂದರೆ ಕೊಡುತ್ತದೆ.

ಹೊಟ್ಟೆಯೊಳಗಿನ ಶಾಖ

ಹೊರಗಿನ ಸ್ವೆಟರ್‌ನಷ್ಟೇ ಒಳಗಿನ ಊಟವೂ ಮೈಯನ್ನು ಬೆಚ್ಚಗಿಡುತ್ತದೆ. ಚಳಿಯಲ್ಲಿ ಎದ್ದ ಮಗು 'ನನಗೆ ಬ್ಯಾಡ' ಎಂದು ಬರಿಹೊಟ್ಟೆಯಲ್ಲಿ ಓಡುತ್ತದೆ. ಶಾಲೆಯಲ್ಲಿ ಹಾಲು ಸಿಗುತ್ತದೆಂದು ನಾವೂ ಸುಮ್ಮನಾಗುತ್ತೇವೆ. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಅದು ಮನೆಯ ತಿಂಡಿಯ ಜೊತೆಗೆ ಕೊಡುವ ಹಾಲು, ತಿಂಡಿಯ ಬದಲಿಗೆ ಅಲ್ಲ. ಒಂದು ಬಿಸಿ ರೊಟ್ಟಿ, ಮೇಲೆ ಸ್ವಲ್ಪ ತುಪ್ಪ ಅಥವಾ ಶೇಂಗಾ ಹಿಂಡಿ, ಇಲ್ಲವೇ ಒಂದು ಬಟ್ಟಲು ರಾಗಿ ಅಂಬಲಿ ಸಾಕು.

ನಮ್ಮ ಹಿರಿಯರು ಹಬ್ಬಗಳನ್ನು ಹವೆಗೆ ಹೊಂದಿಸಿದ್ದಾರೆ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಸಂಕ್ರಮಣಕ್ಕೆ ಎಳ್ಳು-ಬೆಲ್ಲ, ಶೇಂಗಾ ಹೋಳಿಗೆ. ಎಳ್ಳು, ಶೇಂಗಾಗಳಲ್ಲಿ ಜಿಡ್ಡು ಇದೆ, ಸಜ್ಜೆಯಲ್ಲಿ ಕಬ್ಬಿಣದ ಅಂಶ ಇದೆ. ಜನವರಿಯ ಸೀತನಿ, ಹಸಿ ಕಡಲೆ, ಪೇರಲ, ಬಾರಿ ಹಣ್ಣು ಎಲ್ಲವೂ ಮಕ್ಕಳಿಗೆ ಒಳ್ಳೆಯವು.

ಆದರೆ ಒಂದು ಎಚ್ಚರಿಕೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ ಬೀಜ, ಕಡಲೆ, ಹುಣಸೆ ಬೀಜ ಕೊಡಬೇಡಿ. ಓಡುತ್ತ, ನಗುತ್ತ ತಿನ್ನುವಾಗ ಬೀಜ ಶ್ವಾಸನಾಳಕ್ಕೆ ಜಾರುತ್ತದೆ. ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮಿನ ಧಸ್ಕು ಬಂದು ಆಮೇಲೆ ಉಸಿರಿನಲ್ಲಿ ಸುಂಯ್ ಸದ್ದು ಕೇಳಿದರೆ 'ಥಂಡಿ ಇರಬೇಕು' ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ. ಶೇಂಗಾವನ್ನು ಪುಡಿ ಮಾಡಿ, ಹಿಂಡಿಯಾಗಿ ಕೊಡಿ.

ಚಳಿಗಾಲದಲ್ಲಿ ನೀರಡಿಕೆ ತಿಳಿಯುವುದಿಲ್ಲ. ಮಗು ದಿನವಿಡೀ ಒಂದು ಲೋಟ ನೀರೂ ಕುಡಿಯದೆ ಬರಬಹುದು. ಬಾಟಲಿಯಲ್ಲಿ ಕಾಯಿಸಿ ಆರಿಸಿದ, ಉಗುರು ಬೆಚ್ಚಗಿನ ನೀರು ತುಂಬಿ ಕಳಿಸಿ. ಸಂಜೆ ಎಷ್ಟು ಉಳಿದಿದೆ ನೋಡಿ.

ಮನೆಯ ಗಾಳಿ

ಈಗ ಎರಡನೆಯ ಮಾತಿಗೆ ಬರುತ್ತೇನೆ. ಮುಂಜಾನೆ ಮಕ್ಕಳು ಒಲೆಯ ಮುಂದೆ ಬೆಂಕಿ ಕಾಯಿಸುತ್ತ ಕೂಡುತ್ತಾರೆ. ಕಟ್ಟಿಗೆ, ಕುಳ್ಳಿನ ಹೊಗೆ ಎಳೆಯ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬೀಡಿ-ಸಿಗರೇಟಿನ ಹೊಗೆ, ಸೊಳ್ಳೆ ಬತ್ತಿಯ ಹೊಗೆ, ಕೂಸಿಗೆ ಸ್ನಾನ ಮಾಡಿಸಿ ಹಿಡಿಯುವ ಲೋಬಾನದ ಹೊಗೆ, ಇವೆಲ್ಲ ಹೊಗೆಯೇ. ನ್ಯುಮೋನಿಯಾ ಬರುವ ಸಂಭವವನ್ನು ಹೊಗೆ ಹೆಚ್ಚಿಸುತ್ತದೆ. ಅಡುಗೆಯ ಹೊತ್ತಿನಲ್ಲಿ ಮಗು ಬೇರೆ ಕೋಣೆಯಲ್ಲಿರಲಿ, ಹೊಗೆ ಹೋಗಲು ಕಿಟಕಿ ತೆರೆದಿರಲಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ರಾತ್ರಿ ಚಳಿಯೆಂದು ಬಾಣಲಿಯಲ್ಲೋ ಅಗ್ಗಿಷ್ಟಿಕೆಯಲ್ಲೋ ಇದ್ದಿಲ ಕೆಂಡ ಹಾಕಿ ಕೋಣೆಯ ಬಾಗಿಲು ಮುಚ್ಚಿ ಮಲಗುವುದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಮಕ್ಕಳು ಮಲಗುವ ಮುಚ್ಚಿದ ಕೋಣೆಯಲ್ಲಿ ಕೆಂಡ ಎಂದೆಂದಿಗೂ ಬೇಡ. ಗಾದಿಯ ಕೆಳಗೆ ಚಾಪೆ, ಮೇಲೆ ಕೌದಿ, ಇಷ್ಟು ಸಾಕು.

ಶಾಲೆಯ ಗಾಳಿಯ ಬಗ್ಗೆಯೂ ಪಾಲಕರು ವಿಚಾರಿಸಬೇಕು. ಚಳಿಯೆಂದು ತರಗತಿಯ ಎಲ್ಲ ಕಿಟಕಿ ಮುಚ್ಚಬಾರದು. ಗಾಳಿ ನೇರವಾಗಿ ಮಕ್ಕಳ ಮೇಲೆ ಬೀಸದಂತೆ ಒಂದೆರಡು ಕಿಟಕಿ ತೆರೆದಿರಲಿ. ಮಕ್ಕಳು ತಣ್ಣನೆಯ ಪರಸಿಯ ಮೇಲೆ ಕೂಡದಂತೆ ಜಮಖಾನೆ ಅಥವಾ ತಟ್ಟು ಹಾಸಿರಲಿ. ಮುಂಜಾನೆಯ ಪ್ರಾರ್ಥನೆ ನೆರಳಿನ ಬದಲು ಬಿಸಿಲು ಬೀಳುವ ಕಡೆ ನಡೆಯಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಿಮ್ಮಂಥ ಪಾಲಕರೇ ಇದ್ದಾರೆ. ಇವೆಲ್ಲ ಹೆಚ್ಚಿನ ಖರ್ಚಿಲ್ಲದ ಕೆಲಸಗಳು. ಸಭೆಯಲ್ಲಿ ಕೇಳಿದರೆ ಗುರುಗಳು ಖಂಡಿತ ಮಾಡಿಸುತ್ತಾರೆ.

ಮಗುವಿನ ಕಿಸೆಯಲ್ಲಿ ಒಂದು ಕರವಸ್ತ್ರ ಇರಲಿ. ಸೀನು, ಕೆಮ್ಮು ಬಂದಾಗ ಅಂಗೈಯಲ್ಲಿ ಹಿಡಿಯದೆ ಮೊಣಕೈಯ ಮಡಿಕೆಯಲ್ಲಿ ಬಾಯಿ ಮುಚ್ಚಿಕೊಳ್ಳಲು ಕಲಿಸಿ. ಶಾಲೆಯಿಂದ ಬಂದ ಕೂಡಲೇ ಸಾಬೂನಿನಿಂದ ಕೈ ತೊಳೆಸಿ. ನೆಗಡಿಯಾದ ದೊಡ್ಡವರು ಮಗುವಿನ ಮುಖಕ್ಕೆ ಮುಖವಿಟ್ಟು ಮುದ್ದಿಸಬಾರದು.

ಲಸಿಕೆಯೂ ಒಂದು ಕವಚ

ಚಳಿಗಾಲಕ್ಕೆ ಮುನ್ನ ಸ್ವೆಟರ್ ಹುಡುಕುವಾಗ ತಾಯಿ ಕಾರ್ಡನ್ನೂ ಹುಡುಕಿ ತೆಗೆಯಿರಿ. ನ್ಯುಮೋನಿಯಾ ತರುವ ಒಂದು ಮುಖ್ಯ ರೋಗಾಣುವಿನ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರದ ವತಿಯಿಂದ ಉಚಿತವಾಗಿ ಸಿಗುತ್ತಿದೆ. ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು ಒಂಬತ್ತು ತಿಂಗಳಿಗೆ ಅದನ್ನು ಹಾಕಿಸಬೇಕು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಪೆಂಟಾ ಲಸಿಕೆ, ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಲಸಿಕೆಗಳೂ ಎದೆಯ ರೋಗಗಳಿಂದ ಕಾಯುತ್ತವೆ. ಶಾಲೆಗೆ ಸೇರುವ ಐದು-ಆರು ವರ್ಷದ ಮಗುವಿಗೆ ನಾಯಿಕೆಮ್ಮಿನ ವಿರುದ್ಧದ ಬೂಸ್ಟರ್ ಆಗಿದೆಯೇ ನೋಡಿ. ಯಾವುದಾದರೂ ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ. ತಡವಾಯಿತೆಂದು ಕೈಬಿಡಬೇಡಿ.

ಉಸಿರು ಎಣಿಸುವುದು

ಇನ್ನು ಮೂರನೆಯ ಮಾತು. ದಯವಿಟ್ಟು ಗಮನವಿಟ್ಟು ಕೇಳಿ. ನೆಗಡಿ-ಕೆಮ್ಮು ಬಂದ ಹೆಚ್ಚಿನ ಮಕ್ಕಳು ವಾರ-ಹತ್ತು ದಿನಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಕೆಲವು ಮಕ್ಕಳಿಗೆ ಮಾತ್ರ ರೋಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದೇ ನ್ಯುಮೋನಿಯಾ. ಅದನ್ನು ಮೊದಲ ದಿನವೇ ಗುರುತಿಸಿದರೆ ಔಷಧಿಯಿಂದ ಗುಣವಾಗುತ್ತದೆ. ಮೂರು ದಿನ ತಡವಾದರೆ ಆಮ್ಲಜನಕ ಹಚ್ಚಬೇಕಾಗುತ್ತದೆ. ಇನ್ನೂ ತಡವಾದರೆ ನಮ್ಮ ಕೈಯಲ್ಲೂ ಏನೂ ಉಳಿಯುವುದಿಲ್ಲ.

ಗುರುತಿಸುವುದಕ್ಕೆ ಯಂತ್ರ ಬೇಡ. ಮಗು ಅಳದೆ ಶಾಂತವಾಗಿದ್ದಾಗ ಅಥವಾ ಮಲಗಿದ್ದಾಗ ಅಂಗಿಯನ್ನು ಮೇಲಕ್ಕೆತ್ತಿ. ಮೊಬೈಲಿನ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎದೆ ಅಥವಾ ಹೊಟ್ಟೆ ಎಷ್ಟು ಸಲ ಏರುತ್ತದೆ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಬೇಡಿ, ಲೆಕ್ಕ ತಪ್ಪುತ್ತದೆ.

ಎರಡು ತಿಂಗಳೊಳಗಿನ ಕೂಸು: ನಿಮಿಷಕ್ಕೆ 60 ಅಥವಾ ಹೆಚ್ಚು,
2 ತಿಂಗಳಿಂದ 12 ತಿಂಗಳೊಳಗೆ: 50 ಅಥವಾ ಹೆಚ್ಚು,
1 ವರ್ಷದಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು ಇದ್ದರೆ, ಅದು ವೇಗದ ಉಸಿರು. ಅದೇ ದಿನ ಡಾಕ್ಟರಿಗೆ ತೋರಿಸಿ. ಐದು ವರ್ಷ ದಾಟಿದ ಮಗು ಸುಮ್ಮನೆ ಕುಳಿತಿರುವಾಗಲೂ 30ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ತೋರಿಸಿ.

ಕೆಳಗಿನವುಗಳಲ್ಲಿ ಒಂದು ಕಂಡರೂ ಹೊತ್ತು ನೋಡಬೇಡಿ, ರಾತ್ರಿಯಾದರೂ ಹೊರಡಿ. 108ಕ್ಕೆ ಕರೆ ಮಾಡಿ.

1. ಉಸಿರು ಒಳಗೆ ಎಳೆದಾಗ ಪಕ್ಕೆಲುಬಿನ ಕೆಳಗಿನ ಭಾಗ ಒಳಕ್ಕೆ ಸೆಳೆಯುವುದು. ಇದೇ ಪಕ್ಕೆ ಸೆಳೆತ.
2. ತುಟಿ, ನಾಲಿಗೆ ನೀಲಿಯಾಗುವುದು.
3. ಮೊಲೆಹಾಲು, ನೀರು ಕುಡಿಯಲು ಆಗದಿರುವುದು ಅಥವಾ ಕುಡಿದದ್ದೆಲ್ಲ ವಾಂತಿಯಾಗುವುದು.
4. ಎಬ್ಬಿಸಿದರೂ ಸರಿಯಾಗಿ ಏಳದಂಥ ಮಂಪರು.
5. ಮಲಗಿದಾಗಲೂ ಉಸಿರಿನಲ್ಲಿ ಗೊರಗೊರ ಅಥವಾ ನರಳುವ ಸದ್ದು.
6. ಫಿಟ್ಸ್ ಬರುವುದು.
7. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬರುವುದು ಅಥವಾ ಮೈ ತಣ್ಣಗಾಗುವುದು.

ಪಕ್ಕೆ ಸೆಳೆತ ಕಂಡಾಗ ಕೆಲವು ಕಡೆ ಎದೆಗೆ, ಹೊಟ್ಟೆಗೆ ಬರೆ ಹಾಕಿಸುತ್ತಾರೆ, ಊದಿನಕಡ್ಡಿಯಿಂದ ಚುಟಿಗೆ ಕೊಡಿಸುತ್ತಾರೆ. ತಾಯಂದಿರೇ, ಅಜ್ಜಿಯರೇ, ಕೈಮುಗಿದು ಕೇಳುತ್ತೇನೆ, ಇದನ್ನು ಮಾಡಬೇಡಿ, ಮಾಡಗೊಡಬೇಡಿ. ಬರೆಯಿಂದ ನ್ಯುಮೋನಿಯಾ ಹೋಗುವುದಿಲ್ಲ. ಉಸಿರಿಗಾಗಿ ಒದ್ದಾಡುವ ಕೂಸಿಗೆ ಸುಟ್ಟ ಗಾಯದ ನೋವೂ, ಅದರ ನಂಜೂ ಸೇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆಸ್ಪತ್ರೆಗೆ ಬರಬೇಕಾದ ಆ ಒಂದು ದಿನ ಕೈಜಾರುತ್ತದೆ. ಈಗಾಗಲೇ ಯಾರಾದರೂ ಮಾಡಿಸಿದ್ದರೆ ಬೈಸಿಕೊಳ್ಳುತ್ತೇವೆಂದು ಅಂಜಿ ಮನೆಯಲ್ಲಿ ಉಳಿಯಬೇಡಿ. ಕರೆದುಕೊಂಡು ಬನ್ನಿ. ಇಲ್ಲಿ ಮೊದಲು ಕೂಸನ್ನು ನೋಡುತ್ತಾರೆ.

ಕೆಮ್ಮಿನ ಸಿರಪ್

ಅಂಗಡಿಯಲ್ಲಿ 'ಕೂಸಿಗೆ ಕೆಮ್ಮು, ಒಂದು ಬಾಟಲಿ ಕೊಡ್ರಿ' ಎಂದು ತರುವ ರೂಢಿ ನಿಲ್ಲಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದ ಚಿಕ್ಕ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ತಿಳಿಸಿತು. ಒಳ್ಳೆಯ ಸಿರಪ್ಪಿನಿಂದಲೂ ಚಿಕ್ಕ ಮಕ್ಕಳ ಕೆಮ್ಮಿಗೆ ಹೆಚ್ಚಿನ ಉಪಯೋಗವಿಲ್ಲ. ಕೆಮ್ಮು ಕಫವನ್ನು ಹೊರಹಾಕುವ ದೇಹದ ಕೆಲಸ. ಕಳೆದ ಸಲ ಉಳಿದ ಆ್ಯಂಟಿಬಯೋಟಿಕ್ ಬಾಟಲಿಯನ್ನೂ ಮತ್ತೆ ಕೊಡಬೇಡಿ. ಸಾಮಾನ್ಯ ನೆಗಡಿಗೆ ಅದು ಬೇಕಾಗುವುದಿಲ್ಲ.

ಒಂದು ವರ್ಷ ದಾಟಿದ ಮಕ್ಕಳಿಗೆ ಅರ್ಧ ಚಮಚ ಜೇನುತುಪ್ಪ ಕೆಮ್ಮನ್ನು ಶಮನಗೊಳಿಸುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಎಂದಿಗೂ ಬೇಡ. ಮೂಗು ಕಟ್ಟಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಬರೀ ಉಪ್ಪುನೀರಿನ ಮೂಗಿನ ಹನಿ ಸಾಕು. ದೊಡ್ಡ ಮಕ್ಕಳಿಗೆ ಉಗುರು ಬೆಚ್ಚಗಿನ ತುಳಸಿ, ಶುಂಠಿ ಕಷಾಯ ಕೊಡಬಹುದು.

ಉಪನ್ಯಾಸದ ನಂತರ ಪಾಲಕರು ಕೇಳಿದ ಪ್ರಶ್ನೆಗಳು

ಮೂಗು ಸೋರುತ್ತಿದ್ದರೆ ಶಾಲೆಗೆ ಕಳಿಸಬೇಕೋ ಬೇಡವೋ?

ಜ್ವರವಿಲ್ಲದೆ, ಮಗು ಆಡುತ್ತ ಉಣ್ಣುತ್ತ ಇದ್ದರೆ ಕರವಸ್ತ್ರ ಕೊಟ್ಟು ಕಳಿಸಬಹುದು. ಜ್ವರ, ವಾಂತಿ, ವೇಗದ ಉಸಿರು, ಮಂಕು ಇದ್ದರೆ ಕಳಿಸಬೇಡಿ. ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಕಳಿಸಿ. ಮುಂಜಾನೆ ಜ್ವರದ ಔಷಧಿ ಕುಡಿಸಿ ಜ್ವರ ಮುಚ್ಚಿ ಕಳಿಸುವುದು ಸರಿಯಲ್ಲ. ಮಗುವಿಗೂ ತೊಂದರೆ, ತರಗತಿಯ ಉಳಿದ ಮಕ್ಕಳಿಗೂ ತೊಂದರೆ.

ಚಳಿಗಾಲದಲ್ಲಿ ಬಾಳೆಹಣ್ಣು, ಮೊಸರು ಬಿಡಿಸಬೇಕೇ?

ಬೇಕಿಲ್ಲ ಅಜ್ಜೀ. ಬಾಳೆಹಣ್ಣು, ಮೊಸರಿನಿಂದ ನೆಗಡಿ ಬರುವುದಿಲ್ಲ. ಹಗಲು ಹೊತ್ತು, ತೀರ ತಣ್ಣಗಿರದಂತೆ ಕೊಡಿ. ಕಾಯಿಲೆಯಿಂದ ಎದ್ದ ಮಗುವಿಗೆ ಊಟ ಕಡಿಮೆ ಮಾಡಬೇಡಿ, ಒಂದು ಹೊತ್ತು ಹೆಚ್ಚು ಕೊಡಿ.

ಕರ್ಪೂರ, ಮುಲಾಮು, ಹಬೆ ಕೊಡಬಹುದೇ?

ಕರ್ಪೂರ ಚಿಕ್ಕ ಮಕ್ಕಳಿಗೆ ವಿಷ. ಅಕಸ್ಮಾತ್ ನುಂಗಿದರೆ ಫಿಟ್ಸ್ ಬರುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕುವುದು, ಎಣ್ಣೆಯಲ್ಲಿ ಬೆರೆಸಿ ಮೂಗಿಗೆ ಹಚ್ಚುವುದು ಬೇಡ. ನೆಗಡಿಯ ಮುಲಾಮು ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಬಗ್ಗಿಸಿ ಹಬೆ ಕೊಡುವಾಗ ನೀರು ಚೆಲ್ಲಿ ಸುಟ್ಟುಕೊಳ್ಳುವುದೇ ಹೆಚ್ಚು. ಅದೂ ಬೇಡ.

ಜ್ವರ ಬಂದಾಗ ಕಂಬಳಿ ಹೊದಿಸಬೇಕಲ್ಲವೇ?

ನಡುಕ ಬಂದಾಗ ತೆಳು ಹೊದಿಕೆ ಹೊದಿಸಿ. ನಡುಕ ನಿಂತು ಮೈ ಸುಡುವಾಗ ಹೊದಿಕೆ ತೆಗೆಯಿರಿ. ಸ್ವೆಟರ್, ಟೊಪ್ಪಿಗೆ, ಕಂಬಳಿ ಎಲ್ಲ ಹೇರಿದರೆ ಜ್ವರ ಇನ್ನೂ ಏರುತ್ತದೆ. ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ಇರುತ್ತದೆ. ಅಣ್ಣನಿಗೆ ಬರೆದುಕೊಟ್ಟ ಪ್ರಮಾಣವನ್ನು ತಮ್ಮನಿಗೆ ಕೊಡಬೇಡಿ.

ನನ್ನ ಮಗನಿಗೆ ದಮ್ಮು ಇದೆ. ಡಾಕ್ಟರು ಪಂಪು ಬರೆದಿದ್ದಾರೆ. ಅದು ಚಟವಾಗುತ್ತದೆ ಅನ್ನುತ್ತಾರಲ್ಲ?

ಚಟವಾಗುವುದಿಲ್ಲ. ಇನ್‌ಹೇಲರ್‌ನಲ್ಲಿ ಔಷಧಿ ಬಹಳ ಕಡಿಮೆ, ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂಜಾನೆಯ ತಣ್ಣನೆಯ ಗಾಳಿಗೆ, ಆಟದಲ್ಲಿ ಓಡಿದಾಗ ದಮ್ಮು ಕೆರಳುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಶಾಲಾ ಚೀಲದಲ್ಲಿ ಒಂದು ಇನ್‌ಹೇಲರ್ ಮತ್ತು ಸ್ಪೇಸರ್ ಇರಲಿ. ತರಗತಿಯ ಗುರುಗಳಿಗೆ ಅದನ್ನು ಹೇಗೆ ಕೊಡಬೇಕೆಂದು ತೋರಿಸಿ ಬನ್ನಿ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಹೆಣ್ಣುಮಗುವಾದರೆ 'ನಾಳೆ ಮದುವೆಗೆ ತೊಂದರೆ' ಎಂದು ರೋಗವನ್ನು ಅಡಗಿಸಬೇಡಿ.

ಉಸಿರು ಎಣಿಸುವುದು ನನಗೆ ಬರುತ್ತದೆಯೇ? ನಾನು ಶಾಲೆ ಕಲಿತಿಲ್ಲ.

ನೂರರವರೆಗೆ ಎಣಿಕೆ ಬಂದರೆ ಸಾಕು ಅವ್ವಾ. ಅದೂ ಬರದಿದ್ದರೆ ಒಂದು ಉಸಿರಿಗೆ ಒಂದರಂತೆ ಜೋಳದ ಕಾಳು ತೆಗೆದಿಡಿ. ಒಂದು ನಿಮಿಷವಾಯಿತೆಂದು ಇನ್ನೊಬ್ಬರು ಹೇಳಲಿ. ಆಮೇಲೆ ಮನೆಯ ಹುಡುಗರು ಕಾಳು ಎಣಿಸಲಿ. ಇಂದು ವಾರ್ಡಿಗೆ ಹಿಂತಿರುಗಿದ ಮೇಲೆ ನಿಮ್ಮ ಮಗುವಿನ ಉಸಿರನ್ನೇ ಒಮ್ಮೆ ಎಣಿಸಿ, ಬಂದ ಲೆಕ್ಕವನ್ನು ನರ್ಸಕ್ಕನಿಗೆ ಹೇಳಿ. ಸರಿಯೋ ತಪ್ಪೋ ಅವರು ನೋಡಿ ತಿಳಿಸುತ್ತಾರೆ. ಬಿಡುಗಡೆಯಾಗಿ ಮನೆಗೆ ಹೋಗುವುದರೊಳಗೆ ಮೂರು ಸಲ ಎಣಿಸಿದರೆ ರೂಢಿಯಾಗುತ್ತದೆ.

ಈ ಹಾಳೆಯನ್ನು ಓದಿ ಎಸೆಯದೆ ಮನೆಗೆ ಒಯ್ಯಿರಿ. ಓದಲು ಬಾರದವರಿಗೆ ಓದಿ ಹೇಳಿ. ಉಸಿರಿನ ಲೆಕ್ಕ ಇರುವ ಭಾಗವನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ನಿಮ್ಮ ಓಣಿಯ ಅಂಗನವಾಡಿ ಅಕ್ಕನವರಿಗೂ ಒಂದು ಪ್ರತಿ ಕೊಡಿ. ಎಲ್ಲ ಮಕ್ಕಳೂ ಚಳಿಗಾಲವನ್ನು ಆರೋಗ್ಯದಿಂದ ಕಳೆದು, ಬೇಸಿಗೆಯ ಪರೀಕ್ಷೆಗೆ ನಗುನಗುತ್ತ ಕೂಡುವಂತಾಗಲಿ.